ಸಹಿ ಯಾರದು, ಅಧಿಕಾರ ಯಾರದು?



ಕಳೆದ ತಿಂಗಳು ಕಲಾ ವಿಭಾಗದ ತರಗತಿಯಲ್ಲಿ ರಾಷ್ಟ್ರಪತಿಯವರ ಅಧಿಕಾರಗಳ ಪಾಠ ಮಾಡುತ್ತಿದ್ದೆ. ಕಾರ್ಯಾಂಗ ಅಧಿಕಾರ, ಶಾಸನೀಯ ಅಧಿಕಾರ, ಹಣಕಾಸಿನ ಅಧಿಕಾರ, ಕ್ಷಮಾದಾನ, ತುರ್ತು ಪರಿಸ್ಥಿತಿ ಎಂದು ಬೋರ್ಡಿನ ಮೇಲೆ ಒಂದೊಂದಾಗಿ ಬರೆಯುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಸರ್, ಅಮೆರಿಕದ ಅಧ್ಯಕ್ಷರು ಒಂದು ಸಹಿ ಹಾಕಿದ್ರೆ ಲೋಕ ಎಲ್ಲಾ ಸುದ್ದಿ ಆಗ್ತದೆ. ನಮ್ಮ ರಾಷ್ಟ್ರಪತಿಯವರಿಗೆ ಇಷ್ಟೆಲ್ಲಾ ಅಧಿಕಾರ ಇದ್ರೂ ಯಾಕೆ ಹಾಗೆ ಆಗೂದಿಲ್ಲ?"

ಪಠ್ಯಪುಸ್ತಕದ ಉತ್ತರ ಒಂದೇ ವಾಕ್ಯದಲ್ಲಿ ಮುಗಿಯುತ್ತದೆ: ಅಲ್ಲಿ ಅಧ್ಯಕ್ಷೀಯ ಪದ್ಧತಿ, ಇಲ್ಲಿ ಸಂಸದೀಯ ಪದ್ಧತಿ. ಅಷ್ಟು ಹೇಳಿ ಕೂರಿಸಿದೆ. ಮನೆಗೆ ಬಂದ ಮೇಲೆ ಅವಳ ಪ್ರಶ್ನೆಗೆ ಇನ್ನೂ ಸರಿಯಾದ ಉತ್ತರ ಕೊಡಬೇಕಿತ್ತು ಅನ್ನಿಸಿತು. ಈ ಲೇಖನ ಆ ಉತ್ತರ. ಅಮೆರಿಕದಿಂದ ಆರಂಭಿಸಿ, ಬೆಂಗಳೂರಿನ ರಾಜಭವನದ ದಾರಿಯಾಗಿ, ಕೊನೆಗೆ ನೀವು ಜಾತಿ-ಆದಾಯ ಪ್ರಮಾಣಪತ್ರಕ್ಕೆ ಸಾಲು ನಿಲ್ಲುವ ಕೌಂಟರಿನವರೆಗೆ ಬರುತ್ತೇನೆ.

ಅಮೆರಿಕದ ಅಧ್ಯಕ್ಷ: ಕೈಯೂ ಉಂಟು, ಕಟ್ಟೂ ಉಂಟು

ಅಮೆರಿಕದ ಸಂವಿಧಾನ 1787ರಲ್ಲಿ ರಚನೆಯಾಗಿ 1789ರಲ್ಲಿ ಜಾರಿಗೆ ಬಂತು. ಅದರ 2ನೇ ವಿಧಿ ಕಾರ್ಯಾಂಗದ ಅಧಿಕಾರವನ್ನು ಒಬ್ಬ ಅಧ್ಯಕ್ಷರಲ್ಲಿ ಇರಿಸಿದೆ. ಅವರೇ ರಾಷ್ಟ್ರದ ಮುಖ್ಯಸ್ಥರು, ಅವರೇ ಸರಕಾರದ ಮುಖ್ಯಸ್ಥರು, ಅವರೇ ಸೇನೆಯ ಮಹಾದಂಡನಾಯಕರು. ಅವಧಿ 4 ವರ್ಷ. 1951ರ 22ನೇ ತಿದ್ದುಪಡಿಯ ಪ್ರಕಾರ ಒಬ್ಬರು ಎರಡು ಸಲಕ್ಕಿಂತ ಹೆಚ್ಚು ಆಯ್ಕೆಯಾಗುವಂತಿಲ್ಲ. ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನಲ್ಲಿ ಬಹುಮತ ಇಲ್ಲದಿದ್ದರೂ ಅಧ್ಯಕ್ಷರ ಕುರ್ಚಿ ಅಲ್ಲಾಡುವುದಿಲ್ಲ. ಅವರ ಕಾರ್ಯದರ್ಶಿಗಳು, ಅಂದರೆ ನಾವು ಮಂತ್ರಿಗಳು ಎನ್ನುವವರು, ಕಾಂಗ್ರೆಸ್ಸಿನ ಸದಸ್ಯರಾಗಿರುವಂತಿಲ್ಲ. ಅವರು ಅಧ್ಯಕ್ಷರಿಗೆ ಉತ್ತರ ಕೊಡಬೇಕಾದವರು.

ಹಾಗಾದರೆ ಕಟ್ಟು ಎಲ್ಲಿದೆ? ಹಣ ಮಂಜೂರು ಮಾಡುವ ಅಧಿಕಾರ ಕಾಂಗ್ರೆಸ್ಸಿನ ಕೈಯಲ್ಲಿದೆ. ಅಧ್ಯಕ್ಷರು ಒಂದು ಮಸೂದೆಯನ್ನು ತಡೆದರೆ ಎರಡೂ ಸದನಗಳು ಮೂರನೇ ಎರಡು ಬಹುಮತದಿಂದ ಅದನ್ನು ಮತ್ತೆ ಪಾಸು ಮಾಡಬಹುದು. ದೊಡ್ಡ ಹುದ್ದೆಗಳ ನೇಮಕಕ್ಕೆ ಸೆನೆಟ್ ಒಪ್ಪಬೇಕು. ಬೇರೆ ದೇಶದ ಜೊತೆ ಒಪ್ಪಂದಕ್ಕೆ ಸೆನೆಟ್ಟಿನ ಮೂರನೇ ಎರಡು ಮತ ಬೇಕು. ಇವೆಲ್ಲದರ ಮೇಲೆ ನ್ಯಾಯಾಲಯ ಇದೆ.

ಒಂದು ಉದಾಹರಣೆ. 1952ರಲ್ಲಿ ಕೊರಿಯಾ ಯುದ್ಧ ನಡೆಯುತ್ತಿತ್ತು. ಉಕ್ಕಿನ ಕಾರ್ಖಾನೆಗಳಲ್ಲಿ ಮುಷ್ಕರದ ಭಯ. ಅಧ್ಯಕ್ಷ ಹ್ಯಾರಿ ಟ್ರೂಮನ್ ಏಪ್ರಿಲ್ 8ರಂದು ಒಂದು ಕಾರ್ಯಾಂಗ ಆದೇಶ ಹೊರಡಿಸಿ ಉಕ್ಕಿನ ಕಾರ್ಖಾನೆಗಳನ್ನು ಸರಕಾರದ ವಶಕ್ಕೆ ತೆಗೆದುಕೊಂಡರು. ಯುದ್ಧಕಾಲ, ಮಹಾದಂಡನಾಯಕ, ದೇಶದ ತುರ್ತು ಎಂಬ ಎಲ್ಲ ಕಾರಣಗಳೂ ಇದ್ದವು. ಆದರೆ ಜೂನ್ 2ರಂದು ಸುಪ್ರೀಂ ಕೋರ್ಟ್ 6-3ರ ತೀರ್ಪಿನಲ್ಲಿ ಆ ಆದೇಶವನ್ನು ರದ್ದು ಮಾಡಿತು. ಕಾಂಗ್ರೆಸ್ ಕೊಡದ ಅಧಿಕಾರ, ಸಂವಿಧಾನದಲ್ಲಿ ಇಲ್ಲದ ಅಧಿಕಾರ ಸಹಿಯಿಂದ ಹುಟ್ಟುವುದಿಲ್ಲ ಎಂಬುದು ಆ ತೀರ್ಪಿನ ಸಾರ. ಟ್ರೂಮನ್ ಕಾರ್ಖಾನೆಗಳನ್ನು ಬಿಟ್ಟುಕೊಟ್ಟರು.

ಕಟ್ಟು ಯಾವಾಗಲೂ ಹಿಡಿಯುತ್ತದೆ ಎಂದು ನಂಬಬೇಡಿ. ಅದಕ್ಕೆ 10 ವರ್ಷ ಮೊದಲು, 1942ರ ಫೆಬ್ರವರಿಯಲ್ಲಿ, ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 9066 ಸಂಖ್ಯೆಯ ಆದೇಶಕ್ಕೆ ಸಹಿ ಹಾಕಿದ್ದರು. ಅದರ ಬಲದಿಂದ ಜಪಾನಿ ಮೂಲದ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಮನೆ, ಅಂಗಡಿ, ಹೊಲ ಬಿಡಿಸಿ ಶಿಬಿರಗಳಲ್ಲಿ ಕೂಡಿಹಾಕಲಾಯಿತು. ಅವರಲ್ಲಿ ಹೆಚ್ಚಿನವರು ಅಮೆರಿಕದ ಪ್ರಜೆಗಳೇ. 1944ರಲ್ಲಿ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋದಾಗ ನ್ಯಾಯಾಲಯ ಸರಕಾರದ ಪರ ನಿಂತಿತು. ಸರಕಾರ ಕ್ಷಮೆ ಕೇಳಿ ಬದುಕಿ ಉಳಿದವರಿಗೆ ತಲಾ 20,000 ಡಾಲರ್ ಪರಿಹಾರ ಕೊಡುವ ಕಾಯಿದೆ ಮಾಡಿದ್ದು 1988ರಲ್ಲಿ. ಆ ಹೊತ್ತಿಗೆ ಶಿಬಿರಕ್ಕೆ ಹೋದ ಮಕ್ಕಳು ಮುದುಕರಾಗಿದ್ದರು. ಒಂದು ಸಮುದಾಯದ ಹೆಸರು ನೋಡಿ ಹಾಕಿದ ಸಹಿಯನ್ನು ಅಳಿಸಲು ಎಷ್ಟು ವರ್ಷ ಬೇಕಾಯಿತು ಎಂಬುದನ್ನು ಈ ಲೆಕ್ಕದಿಂದ ತಿಳಿಯಿರಿ.

ಅಧ್ಯಕ್ಷರ ಆದೇಶ ನಡೆಸುವವರು ಯಾರು?

ಅಧ್ಯಕ್ಷರು ಸಹಿ ಹಾಕಿದ ಕಾಗದ ತಾನಾಗಿ ನಡೆಯುವುದಿಲ್ಲ. ಅದನ್ನು ಜಾರಿ ಮಾಡಲು ಅಮೆರಿಕದ ಒಕ್ಕೂಟ ಸರಕಾರದಲ್ಲಿ 15 ಇಲಾಖೆಗಳೂ ಅನೇಕ ಸ್ವತಂತ್ರ ಸಂಸ್ಥೆಗಳೂ ಇವೆ. ಸೈನಿಕರನ್ನು ಬಿಟ್ಟು 20 ಲಕ್ಷಕ್ಕೂ ಹೆಚ್ಚು ನೌಕರರು ಇದರಲ್ಲಿ ದುಡಿಯುತ್ತಾ ಬಂದಿದ್ದಾರೆ. ಇದಕ್ಕೆ ಅಧಿಕಾರಿಶಾಹಿ ಎನ್ನುತ್ತೇವೆ.

19ನೇ ಶತಮಾನದಲ್ಲಿ ಅಲ್ಲಿ ಗೆದ್ದ ಪಕ್ಷ ತನ್ನ ಕಾರ್ಯಕರ್ತರಿಗೆ ಸರಕಾರಿ ಕೆಲಸ ಹಂಚುವ ರೂಢಿ ಇತ್ತು. ಅಧ್ಯಕ್ಷ ಬದಲಾದರೆ ಅಂಚೆ ಕಚೇರಿಯವನೂ ಬದಲಾಗುತ್ತಿದ್ದ. 1881ರಲ್ಲಿ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರಿಗೆ ಒಬ್ಬ ಗುಂಡು ಹೊಡೆದ. ಚುನಾವಣೆಯಲ್ಲಿ ದುಡಿದ ತನಗೆ ಹುದ್ದೆ ಸಿಗಲಿಲ್ಲ ಎಂಬ ಸಿಟ್ಟು ಅವನಿಗಿತ್ತು. ಕೆಲವು ವಾರ ನರಳಿ ಗಾರ್ಫೀಲ್ಡ್ ತೀರಿಕೊಂಡರು. 1883ರಲ್ಲಿ ಪೆಂಡಲ್ಟನ್ ಕಾಯಿದೆ ಬಂತು. ಅರ್ಹತೆ ನೋಡಿ, ಪರೀಕ್ಷೆ ನಡೆಸಿ ನೇಮಕ ಮಾಡುವ ಪದ್ಧತಿ ಅಲ್ಲಿಂದ ಬೆಳೆಯಿತು. ಮೊದಲಿಗೆ ಸುಮಾರು ಹತ್ತರಲ್ಲಿ ಒಂದು ಹುದ್ದೆಗೆ ಮಾತ್ರ ಅನ್ವಯಿಸಿದ ಈ ನಿಯಮ ಮುಂದೆ ಬಹುಪಾಲು ಹುದ್ದೆಗಳಿಗೆ ಹರಡಿತು. ಈಗಲೂ ಸುಮಾರು 4,000 ಹುದ್ದೆಗಳನ್ನು ಹೊಸ ಅಧ್ಯಕ್ಷರು ತಮ್ಮವರಿಂದ ತುಂಬುತ್ತಾರೆ. ಉಳಿದವರು ಯಾರು ಗೆದ್ದರೂ ಇರುತ್ತಾರೆ.

ನಾಳೆ ನಿಮ್ಮಲ್ಲಿ ಕೆಲವರು ಕೆ.ಪಿ.ಎಸ್‌.ಸಿ. ಅಥವಾ ಯು.ಪಿ.ಎಸ್‌.ಸಿ. ಪರೀಕ್ಷೆ ಬರೆಯುತ್ತೀರಿ, ಬರೆಯಬೇಕು. ನಮ್ಮ ಸಂವಿಧಾನದ 315ನೇ ವಿಧಿ ಲೋಕಸೇವಾ ಆಯೋಗಗಳನ್ನು ಕೊಟ್ಟಿದೆ. 311ನೇ ವಿಧಿ ಸರಕಾರಿ ನೌಕರನನ್ನು ವಿಚಾರಣೆ ಇಲ್ಲದೆ ವಜಾ ಮಾಡದಂತೆ ಸಾಮಾನ್ಯವಾಗಿ ರಕ್ಷಿಸುತ್ತದೆ. ಮಂತ್ರಿ ಹೇಳಿದ ಮಾತು ಕಾನೂನಿಗೆ ವಿರುದ್ಧವಾಗಿದ್ದರೆ "ಇದು ಆಗುವುದಿಲ್ಲ ಸಾರ್" ಎಂದು ಕಡತದಲ್ಲಿ ಬರೆಯುವ ಧೈರ್ಯ ಅಧಿಕಾರಿಗೆ ಇರಲಿ ಎಂಬುದೇ ಈ ರಕ್ಷಣೆಯ ಉದ್ದೇಶ.

ನಮ್ಮಲ್ಲಿ ಎಲ್ಲವೂ ಅವರ ಹೆಸರಿನಲ್ಲಿ

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. 53ನೇ ವಿಧಿ ಒಕ್ಕೂಟದ ಕಾರ್ಯಾಂಗ ಅಧಿಕಾರವನ್ನು ರಾಷ್ಟ್ರಪತಿಯವರಲ್ಲೇ ಇರಿಸಿದೆ. ಅಷ್ಟನ್ನೇ ಓದಿದರೆ ಅಮೆರಿಕದ 2ನೇ ವಿಧಿಯ ಹಾಗೆಯೇ ಕಾಣುತ್ತದೆ. ಆದರೆ 74ನೇ ವಿಧಿ ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು ಎನ್ನುತ್ತದೆ. 1976ರ 42ನೇ ತಿದ್ದುಪಡಿ ಇದನ್ನು ಸ್ಪಷ್ಟ ಮಾತುಗಳಲ್ಲಿ ಕಡ್ಡಾಯ ಮಾಡಿತು. 1978ರ 44ನೇ ತಿದ್ದುಪಡಿಯಿಂದ ರಾಷ್ಟ್ರಪತಿಯವರು ಒಂದು ಸಲ ಸಲಹೆಯನ್ನು ಮರುಪರಿಶೀಲನೆಗೆ ಕಳಿಸಬಹುದು; ಅದೇ ಸಲಹೆ ಮತ್ತೆ ಬಂದರೆ ಒಪ್ಪಲೇಬೇಕು. ರಾಜ್ಯದಲ್ಲಿ ರಾಜ್ಯಪಾಲರದ್ದೂ ಬಹುತೇಕ ಇದೇ ಸ್ಥಿತಿ.

ಡಾ. ಬಿ.ಆರ್. ಅಂಬೇಡ್ಕರ್ ಅವರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಇದನ್ನು ವಿವರಿಸಿದ್ದರು. ನಮ್ಮ ರಾಷ್ಟ್ರಪತಿಗೂ ಅಮೆರಿಕದ ಅಧ್ಯಕ್ಷರಿಗೂ ಹುದ್ದೆಯ ಹೆಸರಿನ ಹೊರತು ಹೋಲಿಕೆ ಇಲ್ಲ ಎಂಬುದು ಅವರ ಮಾತಿನ ಅರ್ಥ. ಅಮೆರಿಕದ ಪದ್ಧತಿ ಹೆಚ್ಚು ಸ್ಥಿರತೆ ಕೊಡುತ್ತದೆ, ಸಂಸದೀಯ ಪದ್ಧತಿ ಹೆಚ್ಚು ಹೊಣೆಗಾರಿಕೆ ಕೊಡುತ್ತದೆ. ಎರಡೂ ಸಮವಾಗಿ ಸಿಗುವ ಪದ್ಧತಿ ಇನ್ನೂ ಇಲ್ಲದಿರುವಾಗ ನಾವು ಹೊಣೆಗಾರಿಕೆಯನ್ನು ಆರಿಸಿಕೊಂಡಿದ್ದೇವೆ ಎಂದು ಅವರು ತಿಳಿಸಿದರು.

ಯಾವುದೇ ಸರಕಾರಿ ಆದೇಶದ ಕೊನೆಯ ಪುಟ ತೆಗೆದು ನೋಡಿ. "ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ" ಎಂದಿರುತ್ತದೆ. ಅದರ ಕೆಳಗೆ ಒಬ್ಬ ಅಧೀನ ಕಾರ್ಯದರ್ಶಿಯ ಸಹಿ. ಇದು 166ನೇ ವಿಧಿಯ ಪ್ರಕಾರ. ಹೆಸರು ರಾಜ್ಯಪಾಲರದ್ದು, ತೀರ್ಮಾನ ಮಂತ್ರಿಮಂಡಲದ್ದು, ಕಡತ ತಯಾರಿಸಿದವರು ಅಧಿಕಾರಿಗಳು, ಸಹಿ ಇನ್ನೊಬ್ಬರದ್ದು. ಒಂದು ಆದೇಶದ ಹಿಂದೆ ಇಷ್ಟು ಜನ ಇರುವಾಗ ತಪ್ಪಾದರೆ ಯಾರನ್ನು ಕೇಳುವುದು? ಈ ಪ್ರಶ್ನೆಗೆ ನಮ್ಮ ರಾಜ್ಯದಿಂದಲೇ ಹೋದ ಒಂದು ಪ್ರಕರಣ ಇಡೀ ದೇಶಕ್ಕೆ ಉತ್ತರ ಕೊಟ್ಟಿತು.

ಬೊಮ್ಮಾಯಿ ಪ್ರಕರಣ

1983ರಿಂದ ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆಯವರು ನಮ್ಮ ಜಿಲ್ಲೆಯವರೇ, ಘಟ್ಟದ ಮೇಲಿನ ಸಿದ್ದಾಪುರ ತಾಲೂಕಿನ ದೊಡ್ಮನೆಯವರು. 1988ರ ಆಗಸ್ಟಿನಲ್ಲಿ ಅವರು ರಾಜೀನಾಮೆ ಕೊಟ್ಟ ಮೇಲೆ ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿಯಾದರು. 1989ರ ಏಪ್ರಿಲ್ ಮಧ್ಯದಲ್ಲಿ ಅವರು ಮಂತ್ರಿಮಂಡಲ ವಿಸ್ತರಿಸಿದರು. ಎರಡೇ ದಿನದಲ್ಲಿ ಅವರ ಪಕ್ಷದ ಒಬ್ಬ ಶಾಸಕರು ಪಕ್ಷ ತೊರೆದು, 19 ಶಾಸಕರು ಬೆಂಬಲ ಹಿಂತೆಗೆದಿದ್ದಾರೆ ಎಂಬ ಪತ್ರಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರಿಗೆ ಕೊಟ್ಟರು. ಏಪ್ರಿಲ್ 19ರಂದು ರಾಜ್ಯಪಾಲರು ರಾಷ್ಟ್ರಪತಿಯವರಿಗೆ ವರದಿ ಕಳಿಸಿದರು: ಸರಕಾರಕ್ಕೆ ಬಹುಮತ ಇಲ್ಲ, ಬೇರೆ ಯಾರೂ ಸರಕಾರ ರಚಿಸುವ ಸ್ಥಿತಿಯಲ್ಲಿ ಇಲ್ಲ.

ಮರುದಿನ ಆ 19 ಜನರಲ್ಲಿ 7 ಮಂದಿ ತಮ್ಮ ಸಹಿಯನ್ನು ತಪ್ಪು ತಿಳಿಸಿ ಪಡೆಯಲಾಗಿದೆ ಎಂದು ಬರೆದುಕೊಟ್ಟು ಸರಕಾರಕ್ಕೆ ಬೆಂಬಲ ಹೇಳಿದರು. ಬೇಕಾದರೆ ಅಧಿವೇಶನವನ್ನೇ ಮುಂಚಿತವಾಗಿ ಕರೆದು ಸದನದಲ್ಲಿ ಬಹುಮತ ತೋರಿಸುತ್ತೇನೆ ಎಂದು ಬೊಮ್ಮಾಯಿ ತಿಳಿಸಿದರು. ರಾಜ್ಯಪಾಲರು ಒಪ್ಪಲಿಲ್ಲ; ಎರಡನೇ ವರದಿಯನ್ನೂ ಕಳಿಸಿದರು. ಏಪ್ರಿಲ್ 21ರಂದು ರಾಷ್ಟ್ರಪತಿ ಆರ್. ವೆಂಕಟರಾಮನ್ ಅವರ ಹೆಸರಿನಲ್ಲಿ 356ನೇ ವಿಧಿಯ ಘೋಷಣೆ ಹೊರಬಿತ್ತು. ಸರಕಾರ ಹೋಯಿತು, ವಿಧಾನಸಭೆಯೂ ಹೋಯಿತು.

ಇಲ್ಲಿ ಗಮನಿಸಿ. ಶಾಸಕರ ಪತ್ರದ ಮೇಲೆ ರಾಜ್ಯಪಾಲರ ವರದಿ, ವರದಿಯ ಮೇಲೆ ಕೇಂದ್ರ ಮಂತ್ರಿಮಂಡಲದ ಸಲಹೆ, ಸಲಹೆಯ ಮೇಲೆ ರಾಷ್ಟ್ರಪತಿಯವರ ಸಹಿ. ಕಾಗದದ ಮೇಲೆ ಕಾಗದ ಬಂತು. ವಿಧಾನಸಭೆಯಲ್ಲಿ ತಲೆ ಎಣಿಸಿದವರು ಮಾತ್ರ ಯಾರೂ ಇಲ್ಲ.

ಬೊಮ್ಮಾಯಿ ಕರ್ನಾಟಕ ಹೈಕೋರ್ಟಿಗೆ ಹೋದರು. ಅರ್ಜಿ ವಜಾ ಆಯಿತು. ಸುಪ್ರೀಂ ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು 9 ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಕರ್ನಾಟಕದ ಘೋಷಣೆ ಸಂವಿಧಾನಬಾಹಿರ ಎಂದಿತು. ತೀರ್ಪಿನ ಮುಖ್ಯ ಅಂಶಗಳು ಇವು:

1. ಬಹುಮತ ಇದೆಯೋ ಇಲ್ಲವೋ ಎಂದು ನೋಡುವ ಜಾಗ ವಿಧಾನಸಭೆ. ರಾಜಭವನದಲ್ಲಿ ಅದನ್ನು ತೀರ್ಮಾನಿಸುವಂತಿಲ್ಲ.
2. 356ನೇ ವಿಧಿಯ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದು. ಘೋಷಣೆಗೆ ಆಧಾರ ಏನಿತ್ತು ಎಂದು ಕೇಂದ್ರ ಸರಕಾರ ತೋರಿಸಬೇಕು.
3. ಸಂಸತ್ತಿನ ಎರಡೂ ಸದನಗಳು ಒಪ್ಪುವ ಮೊದಲು ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ.
4. ಘೋಷಣೆ ತಪ್ಪೆಂದು ಕಂಡರೆ ವಜಾ ಆದ ಸರಕಾರವನ್ನು ಮತ್ತೆ ತರುವ ಅಧಿಕಾರ ನ್ಯಾಯಾಲಯಕ್ಕೆ ಇದೆ.
5. ಜಾತ್ಯತೀತತೆ ಸಂವಿಧಾನದ ಮೂಲ ರಚನೆಯ ಭಾಗ.

ತೀರ್ಪು ಬಂದಾಗ ಬೊಮ್ಮಾಯಿ ಅವರಿಗೆ ಕುರ್ಚಿ ಮರಳಿ ಸಿಗಲಿಲ್ಲ. 1989ರ ಕೊನೆಯಲ್ಲೇ ಚುನಾವಣೆ ನಡೆದು ಬೇರೆ ಸರಕಾರ ಬಂದಾಗಿತ್ತು. 5 ವರ್ಷ ತಡವಾದ ನ್ಯಾಯ ಅವರಿಗೆ ದಕ್ಕದಿದ್ದರೂ ನಂತರದವರಿಗೆ ದಕ್ಕಿತು. 2018ರ ಮೇ ತಿಂಗಳಲ್ಲಿ ನಮ್ಮ ವಿಧಾನಸಭೆಯಲ್ಲಿ ಯಾರಿಗೂ ಬಹುಮತ ಬಾರದಿದ್ದಾಗ ರಾಜ್ಯಪಾಲರು ಬಿ.ಎಸ್. ಯಡಿಯೂರಪ್ಪನವರಿಗೆ ಬಹುಮತ ಸಾಬೀತಿಗೆ 15 ದಿನ ಕೊಟ್ಟಿದ್ದರು. ಸುಪ್ರೀಂ ಕೋರ್ಟ್ ಅದನ್ನು ಇಳಿಸಿ ಮೇ 19ರ ಸಂಜೆ 4 ಗಂಟೆಗೇ ಸದನದಲ್ಲಿ ಮತಕ್ಕೆ ಹಾಕಿ ಎಂದಿತು. ಮತಕ್ಕೆ ಮೊದಲೇ ಅವರು ರಾಜೀನಾಮೆ ಕೊಟ್ಟರು.

ಮೂರು ಪ್ರಶ್ನೆಗಳು

ಟ್ರೂಮನ್ ಪ್ರಕರಣವನ್ನೂ ಬೊಮ್ಮಾಯಿ ಪ್ರಕರಣವನ್ನೂ ಪಕ್ಕಪಕ್ಕ ಇಟ್ಟರೆ ನ್ಯಾಯಾಲಯಗಳು ಕೇಳಿದ್ದು ಸರಳ ಪ್ರಶ್ನೆಗಳು ಎಂದು ಕಾಣುತ್ತದೆ. ಯಾವ ಕಾನೂನಿನ ಅಡಿ ಈ ಆದೇಶ? ಯಾವ ಆಧಾರದ ಮೇಲೆ? ಇದನ್ನು ಪ್ರಶ್ನಿಸುವ ಜಾಗ ಯಾವುದು? ಸಹಿ ಹಾಕಿದವರು ಎಷ್ಟು ದೊಡ್ಡವರು ಎಂಬುದು ಈ ಪಟ್ಟಿಯಲ್ಲಿ ಇಲ್ಲ.

ನಿಮಗೆ ಹತ್ತಿರದ ಒಂದು ಆದೇಶಕ್ಕೆ ಇದನ್ನು ಹಚ್ಚಿ ನೋಡಿ. 2023ರ ಮಾರ್ಚ್ 27ರಂದು ಆಗಿನ ರಾಜ್ಯ ಸರಕಾರ ಪ್ರವರ್ಗ 2ಬಿ ಅಡಿ ಮುಸ್ಲಿಮರಿಗಿದ್ದ ಶೇ. 4 ಮೀಸಲಾತಿಯನ್ನು ತೆಗೆದು, ಅದನ್ನು ಎರಡು ಪಾಲು ಮಾಡಿ ಬೇರೆ ಎರಡು ಪ್ರವರ್ಗಗಳಿಗೆ ಹಂಚುವ ಆದೇಶ ಹೊರಡಿಸಿತು. ಸಿಇಟಿಗೆ ತಯಾರಾಗುತ್ತಿದ್ದ ಮಕ್ಕಳ ಮನೆಗಳಲ್ಲಿ ಆಗ ಎಂಥ ಗಾಬರಿ ಇತ್ತು ಎಂದು ನನಗೆ ನೆನಪಿದೆ. ಆದೇಶವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಯಿತು. ಏಪ್ರಿಲ್ 13ರ ವಿಚಾರಣೆಯಲ್ಲಿ ನ್ಯಾಯಪೀಠ ಕೇಳಿದ್ದು ನಮ್ಮ ಎರಡನೇ ಪ್ರಶ್ನೆಯನ್ನೇ: ಇದಕ್ಕೆ ಆಧಾರವಾದ ಅಧ್ಯಯನ ಏನು? ಬುನಾದಿ ದುರ್ಬಲವಾಗಿ ಕಾಣುತ್ತದೆ ಎಂದು ಪೀಠ ಅಭಿಪ್ರಾಯಪಟ್ಟಿತು. ಆ ಆದೇಶದಂತೆ ಸದ್ಯ ಪ್ರವೇಶ, ನೇಮಕ ಮಾಡುವುದಿಲ್ಲ ಎಂದು ಸರಕಾರ ನ್ಯಾಯಾಲಯಕ್ಕೆ ಮಾತು ಕೊಟ್ಟಿತು. ಬೀದಿಯಲ್ಲಿ ಕೂಗಿದವರೂ ಇದ್ದರು, ಕೋರ್ಟಿಗೆ ಕಾಗದ ಜೋಡಿಸಿದವರೂ ಇದ್ದರು. ಆದೇಶ ನಿಂತದ್ದು ಕಾಗದ ಜೋಡಿಸಿದವರಿಂದ.

ಕೊನೆಯದಾಗಿ ಕೌಂಟರಿನ ಮುಂದೆ

ಅಧಿಕಾರಿಶಾಹಿ ಅಂದರೆ ವಾಷಿಂಗ್ಟನ್ನೋ ವಿಧಾನಸೌಧವೋ ಮಾತ್ರ ಎಂದು ತಿಳಿಯಬೇಡಿ. ನಮ್ಮ ಹಳದೀಪುರದ ಒಬ್ಬ ವಿದ್ಯಾರ್ಥಿಯ ಆದಾಯ ಪ್ರಮಾಣಪತ್ರದ ಅರ್ಜಿ ಗ್ರಾಮ ಲೆಕ್ಕಿಗರಿಂದ, ಅಂದರೆ ಈಗಿನ ಗ್ರಾಮ ಆಡಳಿತ ಅಧಿಕಾರಿಯಿಂದ, ಕಂದಾಯ ನಿರೀಕ್ಷಕರಿಗೆ, ಅಲ್ಲಿಂದ ತಹಶೀಲ್ದಾರರ ಕಚೇರಿಯ ಕಡೆ ಹೋಗುತ್ತದೆ. ಅದರ ಮೇಲೆ ಭಟ್ಕಳದಲ್ಲಿ ಉಪವಿಭಾಗಾಧಿಕಾರಿ, ಕಾರವಾರದಲ್ಲಿ ಜಿಲ್ಲಾಧಿಕಾರಿ. ನಿಮ್ಮ ಮಟ್ಟಿಗೆ ಸರಕಾರ ಎಂದರೆ ಇದೇ ಸಾಲು.

ನಾನು ಪಿಯುಸಿ ಮುಗಿಸಿದ ವರ್ಷ ವಿದ್ಯಾರ್ಥಿವೇತನಕ್ಕೆ ಆದಾಯ ಪ್ರಮಾಣಪತ್ರ ಬೇಕಿತ್ತು. ನನ್ನ ತಂದೆ ಒಂದು ಕಚೇರಿಗೆ ಆರು ಸಲ ಹೋದರು. ಪ್ರತಿ ಸಲ ಒಂದು ದಿನದ ಕೂಲಿ ಹೋಯಿತು. "ನಾಳೆ ಬನ್ನಿ", "ಸಾಹೇಬರು ಇಲ್ಲ", "ಮೇಲಿಂದ ಆದೇಶ ಬಂದಿಲ್ಲ". ಮೇಲೆ ಅಂದರೆ ಎಲ್ಲಿ, ಯಾವ ಆದೇಶ ಎಂದು ಅವರು ಕೇಳಲಿಲ್ಲ. ಜೊತೆಗೆ ನಿಂತಿದ್ದ ನಾನೂ ಕೇಳಲಿಲ್ಲ. ರಾಷ್ಟ್ರಪತಿಯವರ ಅಧಿಕಾರಗಳನ್ನು ಬಾಯಿಪಾಠ ಮಾಡಿ ಒಳ್ಳೆಯ ಅಂಕ ತಂದವನು ನಾನು! ಅರ್ಜಿಯ ಕೊನೆಯ ದಿನ ಕಳೆದ ಮೇಲೆ ಪ್ರಮಾಣಪತ್ರ ಸಿಕ್ಕಿತು. ಅಣ್ಣ ಗಲ್ಫಿನಿಂದ ಕಳಿಸಿದ ಹಣದಲ್ಲಿ ಆ ವರ್ಷದ ಫೀಸು ಕಟ್ಟಿದೆವು. ಅವನು ತನ್ನ ನಿಕಾಹ್ ಒಂದು ವರ್ಷ ಮುಂದೆ ಹಾಕಿದ್ದು ಯಾಕೆಂದು ನನಗೆ ಬಹಳ ಕಾಲದ ನಂತರ ಗೊತ್ತಾಯಿತು.

ನಿಮ್ಮ ಕೈಯಲ್ಲಿ ಆಗ ನಮಗಿಲ್ಲದ ಎರಡು ಕಾಯಿದೆಗಳಿವೆ. 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ 10 ರೂಪಾಯಿ ಶುಲ್ಕ ಕೊಟ್ಟು ನಿಮ್ಮ ಕಡತ ಎಲ್ಲಿದೆ, ಯಾಕೆ ನಿಂತಿದೆ ಎಂದು ಕೇಳಬಹುದು. ಸಾಮಾನ್ಯವಾಗಿ 30 ದಿನದಲ್ಲಿ ಉತ್ತರ ಕೊಡಬೇಕು. 2011ರ ಸಕಾಲ ಕಾಯಿದೆಯಲ್ಲಿ ಪ್ರತಿ ಸೇವೆಗೂ ದಿನ ಗೊತ್ತುಪಡಿಸಿದ್ದಾರೆ. ಅರ್ಜಿ ಕೊಟ್ಟಾಗ ಸ್ವೀಕೃತಿ ಚೀಟಿ ಮತ್ತು ಸಂಖ್ಯೆ ಕೇಳಿ ಪಡೆಯಿರಿ. ದಿನ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಮೇಲಿನ ಅಧಿಕಾರಿಗೆ ಮೇಲ್ಮನವಿ ಹಾಕಬಹುದು. ಹಣ ಸಣ್ಣದು. ಆದರೆ ತಡ ಮಾಡಿದ್ದಕ್ಕೆ ಉತ್ತರ ಕೊಡಬೇಕಾದವರು ಯಾರು ಎಂದು ಕಾಯಿದೆಯೇ ಗುರುತಿಸಿದೆ.

ಕೇಳುವಾಗ ದನಿ ಏರಿಸಬೇಕಾಗಿಲ್ಲ. ಕೌಂಟರಿನ ಆಚೆ ಕೂತವರಲ್ಲೂ ಒಳ್ಳೆಯವರಿದ್ದಾರೆ, ಕೆಲಸದ ಹೊರೆ ಹೊತ್ತವರಿದ್ದಾರೆ. "ಸರ್, ಯಾವ ನಿಯಮ? ದಯವಿಟ್ಟು ಬರೆದು ಕೊಡಿ" ಎಂದರೆ ಸಾಕು.

ನಮ್ಮ ಪರಂಪರೆಯಲ್ಲಿ ಅಧಿಕಾರಕ್ಕೆ ಅಮಾನತ್ ಎನ್ನುತ್ತೇವೆ: ಇನ್ನೊಬ್ಬರ ಸೊತ್ತನ್ನು ನಂಬಿಕೆಯ ಮೇಲೆ ಇಟ್ಟುಕೊಂಡಿರುವುದು. ಹಜ್ರತ್ ಅಬೂಬಕರ್ (ರ) ಖಲೀಫರಾದಾಗ, ತಾವು ಸರಿ ನಡೆದರೆ ನೆರವಾಗಿ, ತಪ್ಪಿದರೆ ತಿದ್ದಿ ಎಂಬ ಅರ್ಥದ ಮಾತನ್ನು ಜನರಿಗೆ ಹೇಳಿದರೆಂದು ಇತಿಹಾಸಕಾರರು ದಾಖಲಿಸಿದ್ದಾರೆ. ಅಮಾನತ್ ಇಟ್ಟವರಿಗೆ ಲೆಕ್ಕ ಕೇಳುವ ಹಕ್ಕು ಇದೆ. ಕೇಳುವುದು ಅವರ ಜವಾಬ್ದಾರಿಯೂ ಹೌದು.

ಪರೀಕ್ಷೆಗೆ ನೆನಪಿಡಿ

* ಅಮೆರಿಕದ ಅಧ್ಯಕ್ಷರು ನಿಜವಾದ ಕಾರ್ಯಾಂಗದ ಮುಖ್ಯಸ್ಥರು. ನಮ್ಮ ರಾಷ್ಟ್ರಪತಿ ಸಾಂವಿಧಾನಿಕ ಮುಖ್ಯಸ್ಥರು.
* ವಿಧಿಗಳು: 53 ಮತ್ತು 74 (ರಾಷ್ಟ್ರಪತಿ), 154 ಮತ್ತು 163 (ರಾಜ್ಯಪಾಲ), 77 ಮತ್ತು 166 (ಅವರ ಹೆಸರಿನಲ್ಲಿ ಆದೇಶ), 311 (ನೌಕರರ ರಕ್ಷಣೆ), 315 (ಲೋಕಸೇವಾ ಆಯೋಗ), 356 (ರಾಷ್ಟ್ರಪತಿ ಆಳ್ವಿಕೆ).
* ಎಸ್.ಆರ್. ಬೊಮ್ಮಾಯಿ ಪ್ರಕರಣ: ಘೋಷಣೆ 21 ಏಪ್ರಿಲ್ 1989, ತೀರ್ಪು 11 ಮಾರ್ಚ್ 1994, 9 ನ್ಯಾಯಮೂರ್ತಿಗಳು.
* ಅಮೆರಿಕದಲ್ಲಿ ಅರ್ಹತೆಯ ಮೇಲೆ ನೇಮಕ: ಪೆಂಡಲ್ಟನ್ ಕಾಯಿದೆ, 1883.

ಮನೆಗೆಲಸ: ನಿಮ್ಮ ಮನೆಯಲ್ಲಿರುವ ಯಾವುದಾದರೂ ಸರಕಾರಿ ಕಾಗದ ತೆಗೆಯಿರಿ. ಪಹಣಿ, ಪಡಿತರ ಚೀಟಿ, ಪ್ರಮಾಣಪತ್ರ ಯಾವುದೂ ಆಗಬಹುದು. ಅದನ್ನು ಕೊಟ್ಟ ಇಲಾಖೆ ಯಾವುದು, ಸಹಿ ಯಾರದು, ತಪ್ಪಿದ್ದರೆ ಯಾರಿಗೆ ಮನವಿ ಕೊಡಬೇಕು ಎಂದು ಅರ್ಧ ಪುಟ ಬರೆದು ಮುಂದಿನ ಸೋಮವಾರ ತನ್ನಿ. ಆ ಪ್ರಶ್ನೆ ಕೇಳಿದ ಹಿಂದಿನ ಬೆಂಚಿನ ಹುಡುಗಿ ತನ್ನ ಉತ್ತರವನ್ನು ಮೊದಲು ಓದಲಿ.